ಮಿಲ್ಲಿನ ಗಂಟಲು

ನನ್ನ ಗಂಟಲು ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವ ಅನಾಹುತವೆಲ್ಲ ಈ ಗಂಟಲಿನಿಂದಲೇ ಆದದ್ದು. ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೆ ನರ್ಸಿಂಗ್ ಓದುವ ಹುಡುಗಿಯರು ಆಗಾಗ ಬರುತ್ತಾರೆ. ನಿಮ್ಮ ಕಾಲದಲ್ಲಿ ಹೆಂಗಿತ್ತು ಮೇಡಂ ಎಂದು ಕೇಳುತ್ತಾರೆ. ಗಾಜಿನ ಸಿರಿಂಜು ಕುದಿಸುತ್ತಿದ್ದೆವು, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆವು ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ನಗಲಿ ಬಿಡಿ. ನಾನೂ ಅವರ ವಯಸ್ಸಿನಲ್ಲಿ ಇನ್ನೊಬ್ಬರನ್ನು ನೋಡಿ ನಕ್ಕವಳೇ. ಆದರೆ ಈ ಕೆಲಸಕ್ಕೆ ಬರುವವರಿಗೆ ಹೇಳಲೇಬೇಕಾದ ಒಂದು ಸಂಗತಿ ನನ್ನ ಹತ್ತಿರ ಇದೆ, ಅದು ಸಿರಿಂಜಿನದಲ್ಲ.

ನಾನು ಹುಟ್ಟಾ ನರ್ಸಮ್ಮ ಅಲ್ಲ. ಕುಕ್ಕುವಾಡದಿಂದ ಮದುವೆಯಾಗಿ ದಾವಣಗೆರೆಗೆ ಬಂದವಳು. ಗಂಡ ಹತ್ತಿ ಮಿಲ್ಲಿನಲ್ಲಿದ್ದ. ಮೂರು ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಅವನ ಬದಲಿಗೆ ಅಂತ ನನ್ನನ್ನು ನೂಲು ಸುತ್ತುವ ವಿಭಾಗಕ್ಕೆ ತಗೊಂಡರು. ನಮ್ಮ ವಿಭಾಗದ ಗೋಡೆಯಾಚೆಯೇ ಮಗ್ಗದ ಶೆಡ್ಡು. ಆ ಸದ್ದು ಎಂಥದ್ದು ಅಂದರೆ, ಪಾಳಿ ಮುಗಿಸಿ ಹೊರಗೆ ಬಂದ ಮೇಲೂ ಒಂದು ಗಂಟೆ ತಲೆಯೊಳಗೆ ಮಗ್ಗ ಓಡುತ್ತಲೇ ಇರುತ್ತಿತ್ತು.

ಅಲ್ಲಿ ನಾವು ಹೆಂಗಸರು ಎರಡು ಬಗೆಯ ಮಾತು ಕಲಿತಿದ್ದೆವು. ಪಕ್ಕದಲ್ಲಿದ್ದವಳ ಜೊತೆ ಹೊಟ್ಟೆಯಿಂದ ಕೂಗುವುದು. ದೂರದಲ್ಲಿದ್ದವಳ ಜೊತೆ ತುಟಿ ಮತ್ತು ಕೈಯಲ್ಲಿ ಮಾತಾಡುವುದು. ಮೀಸೆ ತಿರುವಿದರೆ ಮೇಸ್ತ್ರಿ ಬರುತ್ತಿದ್ದಾನೆ ಎಂದರ್ಥ. ತೋಳು ತೂಗಿದರೆ ಮಗು. ಹೆಬ್ಬೆರಳು ತುಟಿಗೆ ತಂದರೆ ಹಾಲು ಕುಡಿಯಿತು. ಅಂಗೈ ಕೆನ್ನೆಗೆ ಇಟ್ಟರೆ ಮಲಗಿತು. ಎಳೆ ಮಗುವನ್ನು ಮನೆಯಲ್ಲಿ ಬಿಟ್ಟು ಬಂದವಳಿಗೆ, ಆಮೇಲಿನ ಪಾಳಿಗೆ ಬಂದ ಪಕ್ಕದ ಮನೆಯವಳು ಬಾಗಿಲಿನಿಂದಲೇ ಈ ಮೂರು ಸನ್ನೆ ಮಾಡಿಬಿಟ್ಟರೆ ಸಾಕು, ಆಕೆಯ ಮುಖ ಸಡಿಲಾಗುತ್ತಿತ್ತು. ಎಂಟು ವರ್ಷ ನಾನು ಹೀಗೇ ಮಾತಾಡಿದೆ.

ಒಂದು ದಿನ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೌರಮ್ಮನ ಬೆರಳು ಯಂತ್ರಕ್ಕೆ ಸಿಕ್ಕಿತು. ಎರಡು ಬೆರಳಿನ ತುದಿ ಹೋಗಿತ್ತು. ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿದ್ದರೆ ನಾನು ಹೊಸ ಹತ್ತಿ ಒತ್ತಿ, ಸೆರಗು ಹರಿದು ಬಿಗಿಯಾಗಿ ಕಟ್ಟಿ, ಆಕೆಯ ಕೈಯನ್ನು ನನ್ನ ಭುಜದ ಮೇಲೆ ಎತ್ತಿ ಹಿಡಿದುಕೊಂಡು ಜಟಕಾದಲ್ಲಿ ಆಸ್ಪತ್ರೆಗೆ ಹೋದೆ. ಅಲ್ಲಿ ಬಿಳಿ ಸೀರೆಯ, ನರೆತ ಕೂದಲಿನ ಒಬ್ಬ ದೊಡ್ಡ ಸಿಸ್ಟರು ಕಟ್ಟು ಬಿಚ್ಚಿ ನೋಡಿದರು. ಅವರೇ ಸಿಸ್ಟರ್ ಗ್ರೇಸಮ್ಮ, ಗದಗಿನ ಕಡೆಯವರು.

"ಯಾರವ್ವಾ ಇದನ್ನ ಕಟ್ಟಿದಾಕಿ?"

"ನಾನ್ರೀ. ತಪ್ಪಾಗೈತೇನ್ರಿ?"

"ಎಷ್ಟು ಓದೀ?"

"ಏಳನೇ ಇಯತ್ತೆ ಪಾಸ್ ರೀ."

"ಮತ್ತ ಆ ಮಿಲ್ಲಿನ್ಯಾಗ ಏನ್ ಮಾಡಾಕತ್ತಿ? ಇಲ್ಲಿ ತರಬೇತಿಗೆ ಹೆಣ್ಮಕ್ಕಳು ಬೇಕಾಗ್ಯಾರ. ಅರ್ಜಿ ಹಾಕು."

ಅಷ್ಟೇ ನಡೆದದ್ದು. ಇಪ್ಪತ್ತೇಳರ ವಯಸ್ಸಿನಲ್ಲಿ ಅರ್ಜಿ ಹಾಕಿದೆ. ಸೇವೆ ಮಾಡಬೇಕೆಂಬ ದೊಡ್ಡ ಆಸೆ ಏನೂ ಇರಲಿಲ್ಲ, ಸುಳ್ಳು ಹೇಳಬಾರದು. ಗೌರಮ್ಮ ಬೆವರುತ್ತ ನನ್ನ ಭುಜಕ್ಕೆ ಒರಗಿದ್ದಾಗ ನನ್ನ ಕೈಯಿಂದ ಯಾರಿಗೋ ಉಪಯೋಗವಾಯಿತಲ್ಲ ಅನಿಸಿತ್ತು. ನೂಲು ಸುತ್ತುವಾಗ ಎಂಟು ವರ್ಷದಲ್ಲಿ ಒಮ್ಮೆಯೂ ಹಾಗೆ ಅನಿಸಿರಲಿಲ್ಲ.

ಈಗ ನಾನು ಮುಚ್ಚಿಟ್ಟ ವಿಷಯ. ಮಿಲ್ಲು ಬಿಡುವ ಹೊತ್ತಿಗೆ ನನಗೆ ಗುಬ್ಬಿಯ ದನಿ ಕೇಳುವುದು ನಿಂತು ಎರಡು ವರ್ಷವಾಗಿತ್ತು. ಮಕ್ಕಳ ಕಾಲ್ಗೆಜ್ಜೆ ಕೇಳುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಗೊತ್ತಾಗುತ್ತಿರಲಿಲ್ಲ. ಸೇರುವಾಗ ಮೈ ಪರೀಕ್ಷೆ ಮಾಡಿದ ಡಾಕ್ಟರು ಮೇಜಿನ ಎದುರಿಗೆ ಕೂತು ಪ್ರಶ್ನೆ ಕೇಳಿದರು. ನಾನು ಅವರ ತುಟಿ ನೋಡಿಕೊಂಡು ಟಪಟಪ ಉತ್ತರ ಕೊಟ್ಟೆ. ಚುರುಕಾಗಿದ್ದಾಳೆ ಅಂತ ಬರೆದುಕೊಂಡರು. ಕಿವಿಯ ವಿಷಯ ಹೇಳಿದರೆ ವಾಪಸು ಕಳಿಸುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಿಲ್ಲಿನ ಕೆಲಸ ಬಿಟ್ಟಾಗಿತ್ತು, ಹೋಗುವುದಾದರೂ ಎಲ್ಲಿಗೆ?

ಕಿವಿ ಮಂದವಾದವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ. ನಾನು ಪಿಸುಗುಟ್ಟಿದೆ ಅಂದುಕೊಂಡರೆ ವಾರ್ಡಿನ ಆ ತುದಿಯ ರೋಗಿ ಎದ್ದು ಕೂರುತ್ತಿದ್ದ. ಹೊರರೋಗಿ ವಿಭಾಗದಲ್ಲಿ ಚೀಟಿಯ ನಂಬರು ಕೂಗುವ ಕೆಲಸ ನನಗೇ ಮೀಸಲಾಯಿತು. "ಕೆ.ಬಿ. ಬಡಾವಣೆಯಾಗ ಮಲಗಿದೋರೂ ಎದ್ದು ಚೀಟಿ ಹಿಡ್ಕೊಂಡು ಬರ್ತಾರ ನೋಡು" ಎಂದು ಸಿಸ್ಟರ್ ಗ್ರೇಸಮ್ಮ ರೇಗಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮಿಲ್ಲಿನವಳು, ಗಂಟಲು ದೊಡ್ಡದು ಎಂದಷ್ಟೇ ಅವರು ತಿಳಿದಿದ್ದರು. ಆ ನಗುವಿನ ಮರೆಯಲ್ಲಿ ನನ್ನ ಗುಟ್ಟು ಒಂದು ವರ್ಷ ಹಾಯಾಗಿ ಕೂತಿತ್ತು.

ಎರಡನೇ ವರ್ಷದಲ್ಲಿ ಮೆಹಬೂಬಿಯನ್ನು ಹರಿಹರದಿಂದ ಕರೆತಂದರು. ಇಪ್ಪತ್ತೆರಡು ವರ್ಷದವಳು. ಗಂಡ ದಸ್ತಗೀರ್ ಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಗಾದಿ ಹೊಲಿಯುವ ದಬ್ಬಣ ಈಕೆಯ ಅಂಗಾಲಿಗೆ ಚುಚ್ಚಿತ್ತು. ಅರಿಸಿನ ಎಣ್ಣೆ ಮೆತ್ತಿ ಸುಮ್ಮನಾಗಿದ್ದರು. ಹತ್ತು ದಿನಕ್ಕೆ ದವಡೆ ಕಚ್ಚಿಕೊಂಡಿತು. ಧನುರ್ವಾಯು. ಆರು ತಿಂಗಳ ಹೆಣ್ಣುಮಗು ಶಮೀಮ್, ಅದನ್ನು ಎತ್ತಿಕೊಂಡ ಅತ್ತೆ, ಇಬ್ಬರೂ ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಬೀಡುಬಿಟ್ಟರು.

ಈಗಿನ ಹುಡುಗಿಯರು ಈ ಕಾಯಿಲೆಯನ್ನು ಪುಸ್ತಕದಲ್ಲಷ್ಟೇ ನೋಡಿರುತ್ತೀರಿ. ರೋಗಿಗೆ ಬೆಳಕು ಆಗುವುದಿಲ್ಲ, ಮುಟ್ಟಿದರೆ ಆಗುವುದಿಲ್ಲ, ಸದ್ದಂತೂ ಆಗುವುದೇ ಇಲ್ಲ. ಒಂದು ಲೋಟ ಬಿದ್ದರೂ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಸೆಟೆತ ಎದೆಗೆ ಬಂದರೆ ಉಸಿರು ನಿಲ್ಲುತ್ತದೆ. ಆದರೆ ಬುದ್ಧಿ ಮಾತ್ರ ನಿಚ್ಚಳವಾಗಿರುತ್ತದೆ. ಎಲ್ಲ ತಿಳಿಯುತ್ತದೆ, ಒಂದು ಮಾತೂ ಆಡಲಾಗುವುದಿಲ್ಲ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಅಂಥವರಿಗೆಂದು ಜಗುಲಿಯ ಕೊನೆಯಲ್ಲಿ ಒಂದು ಕೋಣೆ ಇತ್ತು, ಕಿಟಕಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದ್ದು. ಯಾರೂ ಒಳಗೆ ಮಾತಾಡಬಾರದೆಂದು ಸಿಸ್ಟರು ಕಟ್ಟುನಿಟ್ಟು ಮಾಡಿದ್ದರು.

ತಾಯಿಯ ಹಾಲು ತಪ್ಪಿದ ಮಗು ಎರಡು ದಿನ ಬಾಟಲಿ ಮುಟ್ಟಲಿಲ್ಲ. ಅತ್ತು ಅತ್ತು ಗಂಟಲು ಕಟ್ಟಿತ್ತು. ಮೂರನೇ ದಿನ ಸಂಜೆ ನಾನು ಯಾರದೋ ಮನೆಯಿಂದ ಕೂಸುಗಳಿಗೆ ಹಾಲು ಕುಡಿಸುವ ಒಳಲೆ ತಂದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲು ಹನಿಸಿದೆ. ಮೊದಲು ಉಗುಳಿತು. ಆಮೇಲೆ ಗುಟುಕರಿಸಿತು. ನೋಡನೋಡುತ್ತ ಎರಡು ಒಳಲೆ ಹಾಲು ಖಾಲಿ. ನನಗಾದ ಸಂತೋಷ ಅಷ್ಟಿಷ್ಟಲ್ಲ. ನೇರವಾಗಿ ಆ ಕೋಣೆಗೆ ಹೋದೆ. ಮೆಹಬೂಬಿಯ ಕಿವಿಯ ಹತ್ತಿರ ಬಗ್ಗಿ, ದೇವರಾಣೆ ಪಿಸುಗುಡುತ್ತಿದ್ದೇನೆ ಅಂದುಕೊಂಡೇ ಹೇಳಿದೆ.

"ನಿನ್ನ ಮಗಳು ಹಾಲು ಕುಡಿದ್ಲು ಕಣವ್ವಾ."

ಅದು ಪಿಸುಮಾತಾಗಿರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಆಡುವ ಮಾತಾಗಿತ್ತು. ಮರುಕ್ಷಣ ಆಕೆಯ ಕುತ್ತಿಗೆ ಹಿಂದಕ್ಕೆ ಎಳೆದುಕೊಂಡಿತು. ಬೆನ್ನು ಅವಳ ಗಂಡ ಹತ್ತಿ ಹಿಂಜುವ ಬಿಲ್ಲಿನ ಹಾಗೆ ಹಾಸಿಗೆ ಬಿಟ್ಟು ಎದ್ದಿತು. ಮುಖ ನೀಲಿಗಟ್ಟಿತು. ಸಿಸ್ಟರ್ ಗ್ರೇಸಮ್ಮ ಬರಿಗಾಲಲ್ಲಿ ಓಡಿ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಇಂಜೆಕ್ಷನ್ ಕೊಟ್ಟರು, ತಲೆ ಹಿಡಿದು ಉಸಿರಿಗೆ ದಾರಿ ಮಾಡಿದರು. ಎಷ್ಟು ಹೊತ್ತಾಯಿತೋ ತಿಳಿಯದು. ಎದೆ ಮತ್ತೆ ಏರಿಳಿಯುವುದು ಕಂಡಾಗ ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಎಳೆ ಕೂಸಿನ ತಾಯಿಯನ್ನು ಕೊಲ್ಲುತ್ತಿದ್ದೆನಲ್ಲ, ಅದೂ ಆಕೆಯ ಮಗು ಹಾಲು ಕುಡಿಯಿತೆಂಬ ಸಂತೋಷಕ್ಕೆ.

ಸಿಸ್ಟರು ಅಂದು ಬೈಯಲಿಲ್ಲ. ಮರುದಿನ ಬೆಳಿಗ್ಗೆ ನಾನು ಬಾಗಿಲಿಗೆ ಬೆನ್ನು ಮಾಡಿ ರೋಗಿಗಳ ಹಾಸಿಗೆಯ ದುಪ್ಪಟ ಮಡಿಸುತ್ತಿದ್ದೆ. ಭುಜದ ಮೇಲೆ ಕೈ ಬಿತ್ತು. ತಿರುಗಿದರೆ ಅವರು.

"ನಾಲ್ಕು ಸಲ ಕರೆದೆ," ಅಂದರು.

"ಕೇಳ್ಲಿಲ್ರಿ ಸಿಸ್ಟರ್."

"ಗೊತ್ತಾತು. ಎಷ್ಟು ದಿನದಿಂದ ಕೇಳವಲ್ದು?"

ಸುಳ್ಳು ಹೇಳಲು ಜಾಗವೇ ಉಳಿದಿರಲಿಲ್ಲ. "ಮಿಲ್ಲಿನಾಗೇ ಹೋತ್ರಿ. ಇಲ್ಲಿಗೆ ಬರಾಕಿಂತ ಮೊದ್ಲೇ."

"ಸೇರುವಾಗ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ತಗೊಳ್ತಿದ್ರೇನ್ರಿ?"

ಅವರು ಒಂದು ದುಪ್ಪಟ ತಾವೇ ಎತ್ತಿಕೊಂಡು ಮಡಿಸತೊಡಗಿದರು. ಆಮೇಲೆ, ನನಗೆ ತುಟಿ ಕಾಣುವ ಹಾಗೆ ಮುಖ ಎತ್ತಿ ಹೇಳಿದರು. "ಇದನ್ನ ನಾ ಬರದು ಕಳಸಂಗಿಲ್ಲ. ನೀನೇ ಬರೀಬೇಕು, ಡಾಕ್ಟರ್ ಸಾಹೇಬ್ರಿಗೆ. ಆದ್ರ ಆಕಿ ಒಂದು ದಡ ಮುಟ್ಟಿದ ಮ್ಯಾಲೆ. ಅಲ್ಲೀತನಕ ಆ ಕೋಣ್ಯಾಗ ನೀನೇ ಇರು."

"ನಾನಾ? ಬ್ಯಾಡ್ರಿ ಸಿಸ್ಟರ್. ನನ್ನ ಕೈಲಿ ಆಗಲ್ಲ."

"ಮಿಲ್ಲಿನ್ಯಾಗ ಕೈಸನ್ನಿ ಮಾಡಿ ಮಾತಾಡ್ತಿದ್ವಿ ಅಂತ ಊಟದ ಹೊತ್ತಿಗೆ ಕುಣದು ತೋರಿಸ್ತೀಯಲ್ಲ, ಅದನ್ನ ಇಲ್ಲಿ ಮಾಡು. ಬಾಯಿ ಮಾತ್ರ ತೆರೀಬ್ಯಾಡ. ಆಕಿ ಉಳಿದ್ರ ನಿನ್ನ ಅರ್ಜಿ ಹಿಡ್ಕೊಂಡು ನಿನ್ನ ಜೋಡಿ ನಾನೂ ಬರ್ತೀನಿ. ಉಳೀಲಿಲ್ಲಾಂದ್ರ ನೀ ಒಬ್ಬಾಕೀನ ಹೋಗು."

ಹಾಸ್ಟೆಲಿಗೆ ಹೋಗಿ ಟ್ರಂಕಿನಲ್ಲಿ ಬಟ್ಟೆ ಜೋಡಿಸಿಟ್ಟೆ. ಹೇಗಿದ್ದರೂ ಹೋಗುವವಳು ಎಂಬ ಲೆಕ್ಕ ನನ್ನದು. ಆಮೇಲೆ ಆ ಕೋಣೆಗೆ ಹೋದೆ.

ಆ ದಿನಗಳಲ್ಲಿ ನಾನು ಕಲಿತದ್ದನ್ನು ಯಾವ ತರಗತಿಯಲ್ಲೂ ಕಲಿಯಲಿಲ್ಲ. ಚಪ್ಪಲಿ ಹೊರಗೆ ಬಿಡುತ್ತಿದ್ದೆ. ಬಳೆ ಬಿಚ್ಚಿಟ್ಟೆ. ಸ್ಟೀಲಿನ ಟ್ರೇಗೆ ದಪ್ಪಗೆ ಹತ್ತಿ ಹಾಸಿ ಅದರ ಮೇಲೆ ಚಿಮುಟ, ಬಟ್ಟಲು ಇಟ್ಟೆ. ಬಕೆಟ್ಟಿನ ಕೆಳಗೆ ಗೋಣಿಚೀಲ ಮಡಿಸಿ ಹಾಕಿದೆ. ಬಾಗಿಲು ಕಿರುಗುಟ್ಟುತ್ತದೋ ಇಲ್ಲವೋ ನನಗೆ ಕೇಳುವುದಿಲ್ಲವಲ್ಲ, ಅದಕ್ಕೆ ಬಾಗಿಲಿನ ಮೇಲೆ ಅಂಗೈ ಇಟ್ಟು ತೆರೆಯುತ್ತಿದ್ದೆ. ಕಿರುಗುಟ್ಟಿದರೆ ಕೈಗೆ ನಡುಕ ತಿಳಿಯುತ್ತಿತ್ತು. ಬೆರಳು ಕಳೆದುಕೊಂಡ ಗೌರಮ್ಮ ಇನ್ನೂ ಮಿಲ್ಲಿನಲ್ಲೇ ಇದ್ದಳು. ಅವಳಿಗೆ ಹೇಳಿ ಮಗ್ಗಕ್ಕೆ ಹಾಕುವ ಎಣ್ಣೆ ಒಂದು ಸಣ್ಣ ಶೀಸೆ ತರಿಸಿ ತಿರುಗಣಿಗೆ ಬಿಟ್ಟೆ. ಆಮೇಲೆ ಬಾಗಿಲು ಬೆಣ್ಣೆಯಂತೆ ಸರಿಯಿತು. ಜೊತೆಯ ಹುಡುಗಿಯರು ನನಗೆ ಮೂಗಿ ಸಿಸ್ಟರ್ ಎಂದು ಹೆಸರಿಟ್ಟರು. ಚಿಂತೆಯಿಲ್ಲ ಅಂದುಕೊಂಡೆ.

ಕಂಬಳಿಯ ಅಂಚಿನಲ್ಲಿ ಒಂದು ಬೆರಳಗಲ ಬೆಳಕು ಬರುತ್ತಿತ್ತು. ಮೊದಲ ದಿನ ಆ ಬೆಳಕಿನಲ್ಲಿ ಆಕೆಯ ಕಣ್ಣಿಗೆ ಕಾಣುವ ಹಾಗೆ ನಿಂತು ತೋಳು ತೂಗಿದೆ. ಹೆಬ್ಬೆರಳು ತುಟಿಗೆ ತಂದೆ. ಅಂಗೈ ಕೆನ್ನೆಗೆ ಇಟ್ಟೆ. ಮಗು ಹಾಲು ಕುಡಿದು ಮಲಗಿದೆ. ಮೆಹಬೂಬಿ ನನ್ನನ್ನೇ ನೋಡಿದಳು. ಎರಡೂ ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಗೆ ಹೋಯಿತು. ನನ್ನನ್ನು ಕಂಡು ಹೆದರಿದ್ದಾಳೆ ಅಂದುಕೊಂಡೆ. ಎರಡನೇ ದಿನ ಸನ್ನೆ ಮಾಡಿದಾಗ ಆಕೆ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಅಲ್ಲಿಂದ ಅದೇ ನಮ್ಮ ಮಾತು. ದಿನಕ್ಕೆ ನಾಲ್ಕು ಸಲ ನಾನು ಬೇವಿನ ಮರದ ಹತ್ತಿರ ಹೋಗಿ ಮಗುವಿನ ಸುದ್ದಿ ತರುತ್ತಿದ್ದೆ, ಆಕೆ ಕಣ್ಣಲ್ಲಿ ರಸೀದಿ ಕೊಡುತ್ತಿದ್ದಳು. ಮಗು ಮಗುಚಿಕೊಂಡಿದ್ದನ್ನು ನಾನು ಕೈಯಲ್ಲಿ ಮಾಡಿ ತೋರಿಸಿದ ದಿನ ಆಕೆ ಮೂರು ಸಲ ಕಣ್ಣು ಮುಚ್ಚಿದಳು.

ದಸ್ತಗೀರ್ ಸಾಬ್ ದಿನವೂ ಸಂಜೆ ಹರಿಹರದಿಂದ ರೈಲಿಗೆ ಬಂದು ಜಗುಲಿಯಲ್ಲಿ ಕೂರುತ್ತಿದ್ದ. ಹೋಗುವಾಗ ನನ್ನ ಕೈಗೆ ಎರಡು ಬಾಳೆಹಣ್ಣು ಇಡುತ್ತಿದ್ದ. "ನೀವಿದೀರಿ ಅಂತ ನಾನು ಅಲ್ಲಿ ಕೆಲಸ ಮಾಡಾಕೆ ಆಗ್ತೈತೆ ಅಕ್ಕಾರೆ. ಅಲ್ಲಾ ನಿಮ್ಮನ್ನ ಚಲೋ ಇಟ್ಟಿರ್ಲಿ," ಅನ್ನುತ್ತಿದ್ದ. ನಡೆದದ್ದು ಅವನಿಗೆ ಗೊತ್ತಿರಲಿಲ್ಲ. ಆ ಬಾಳೆಹಣ್ಣನ್ನು ವಾರ್ಡಿನ ಯಾವುದಾದರೂ ರೋಗಿಗೆ ಕೊಟ್ಟುಬಿಡುತ್ತಿದ್ದೆ.

ಎರಡು ವಾರ ದಾಟಿದ ಮೇಲೆ ಸೆಟೆತ ಕಡಿಮೆಯಾಯಿತು. ಹಲ್ಲಿನ ನಡುವೆ ಮೊದಲು ಒಂದು ಬೆರಳಿನಷ್ಟು ಸಂದಿ ಬಿಟ್ಟಿತು, ಆಮೇಲೆ ಚಮಚೆ ಹೋಗುವಷ್ಟು. ಗಂಜಿ ಕುಡಿಸಿದೆ. ಒಂದು ಮಧ್ಯಾಹ್ನ ಸಿಸ್ಟರು ಕಂಬಳಿ ತೆಗೆಸಿ, "ಕೂಸಿನ್ನ ತರ್ರಿ," ಅಂದರು. ಅತ್ತೆ ಶಮೀಮಳನ್ನು ಎತ್ತಿಕೊಂಡು ಒಳಗೆ ಬಂದಳು. ಮಗು ತಾಯಿಯನ್ನು ನೋಡಿತು. ಗುರುತು ಹತ್ತಲಿಲ್ಲ. ಮೂಳೆಚಕ್ಕಳವಾದ ಆ ಮುಖ ಕಂಡು ಕಿಟಾರನೆ ಕಿರುಚಿತು. ನನಗೇ ಕೇಳಿತು ಅಂದಮೇಲೆ ಎಂಥ ಕಿರುಚು ನೋಡಿ. ನಾವೆಲ್ಲ ಮೆಹಬೂಬಿಯ ಮೈಯನ್ನೇ ನೋಡುತ್ತ ನಿಂತೆವು. ಸಿಸ್ಟರ ಕೈಯಲ್ಲಿ ಸಿರಿಂಜು ಸಿದ್ಧವಿತ್ತು. ಮಗು ಕಿರುಚುತ್ತಲೇ ಇತ್ತು. ಮೆಹಬೂಬಿಯ ಮೈ ಅಲುಗಲಿಲ್ಲ. ಆಕೆ ನಿಧಾನಕ್ಕೆ ಎರಡೂ ಕೈ ಚಾಚಿದಳು. ಸಿಸ್ಟರು ಸಿರಿಂಜು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.

ಆಕೆ ಮನೆಗೆ ಹೋಗುವ ದಿನ ನಿಜ ಹೇಳಿಬಿಡಬೇಕೆಂದು ಗೇಟಿನವರೆಗೂ ಹೋದೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ಹುಷಾರವ್ವಾ ಎಂದಷ್ಟೇ ಹೇಳಿ ಹಿಂದಿರುಗಿದೆ. ಅದು ನಾಚಿಕೆಗೇಡಿನ ಕೆಲಸ.

ಅರ್ಜಿ ಬರೆದೆ. ಸಿಸ್ಟರ್ ಗ್ರೇಸಮ್ಮ ಮಾತು ಕೊಟ್ಟ ಹಾಗೆ ಜೊತೆಗೆ ಬಂದರು. ಡಾಕ್ಟರು ಓದಿ, ತಲೆ ಎತ್ತಿ, ನನ್ನ ಹಿಂದೆ ಹೋಗಿ ನಿಂತು ಕಿವಿಯ ಹತ್ತಿರ ಗಡಿಯಾರ ಹಿಡಿದರು. ಕೇಳಲಿಲ್ಲ. ಆಮೇಲೆ ಸ್ಟೆತಾಸ್ಕೋಪನ್ನು ನನ್ನ ಕಿವಿಗೆ ಹಾಕಿ ಇನ್ನೊಂದು ತುದಿಯನ್ನು ತಮ್ಮ ಎದೆಗೆ ಇಟ್ಟುಕೊಂಡರು. ಲಬ್ ಡಬ್ ಸ್ಪಷ್ಟವಾಗಿ ಕೇಳಿತು. ಎಣಿಸಿ ಹೇಳಿದೆ, ಸರಿಯಿತ್ತು. "ಸಣ್ಣ ಸದ್ದು ಹೋಗಿದೆ, ದಪ್ಪ ಸದ್ದು ಉಳಿದಿದೆ," ಅಂದರು. ನನ್ನನ್ನು ಉಳಿಸಿಕೊಳ್ಳಲು ಎರಡು ಷರತ್ತು ಹಾಕಿದರು. ಪಾಳಿ ಶುರುವಾಗುವಾಗ ಜೊತೆಯವರಿಗೆಲ್ಲ, ನನಗೆ ಕಿವಿ ಮಂದ, ಎದುರಿಗೆ ನಿಂತು ಮಾತಾಡಿ ಎಂದು ನಾನೇ ಹೇಳಬೇಕು. ಔಷಧಿಯ ವಿಷಯದಲ್ಲಿ ಬಾಯಿಮಾತು ನಂಬಬಾರದು, ಬರೆಸಿಕೊಳ್ಳಬೇಕು. ಮೊದಲನೆಯದಕ್ಕೆ ಒಂದು ವಾರ ನಾಚಿಕೆಯಾಯಿತು. ಎರಡನೆಯದು ಎಷ್ಟು ರೋಗಿಗಳನ್ನು ಕಾಪಾಡಿತೋ. ಕಿವಿ ಚೆನ್ನಾಗಿರುವ ನೀವೂ ಬರೆಸಿಕೊಳ್ಳಿ. ಟ್ರಂಕಿನ ಬಟ್ಟೆ ಮತ್ತೆ ಗೂಟಕ್ಕೆ ಹೋಯಿತು.

ಎಂಬತ್ತರ ದಶಕದಲ್ಲಿ ನನ್ನನ್ನು ಹರಿಹರಕ್ಕೆ ಹಾಕಿದರು. ಅಷ್ಟು ಹೊತ್ತಿಗೆ ಬಸುರಿಯರಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಲು ನಾವು ಮನೆಮನೆ ಸುತ್ತುತ್ತಿದ್ದೆವು. ಕತ್ತಲೆ ಕೋಣೆಯ ಕೆಲಸ ಅಪರೂಪವಾಗತೊಡಗಿತ್ತು. ಒಂದು ಬೆಳಿಗ್ಗೆ ಒಬ್ಬ ಹೆಂಗಸು ಒಂಬತ್ತು ಹತ್ತು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ಏದುಸಿರು ಬಿಡುತ್ತ ಬಂದಳು. ಅಷ್ಟು ದೊಡ್ಡ ಹುಡುಗಿ, ಕಾಲು ನೆಲಕ್ಕೆ ತಾಗುವಂತಿತ್ತು.

"ದಬ್ಬಣ ಚುಚ್ಚೈತ್ರಿ. ಈಗ ಚುಚ್ಚೈತೆ, ಈಗ್ಲೇ ತಂದೀನಿ," ಅಂದವಳು ನನ್ನ ಮುಖ ನೋಡಿ ನಿಂತುಬಿಟ್ಟಳು. ಮೆಹಬೂಬಿ. ಹುಡುಗಿ ಶಮೀಮ್.

ಗಾಯ ತೊಳೆದು ಚುಚ್ಚುಮದ್ದು ಕೊಟ್ಟೆ. ಹುಡುಗಿ ಅಳಲಿಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಮೆಹಬೂಬಿಯನ್ನು ಒಳಗೆ ಕರೆದೆ. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದು ಸಾಕಾಗಿತ್ತು.

"ನಿಂಗೊಂದು ಮಾತು ಹೇಳ್ಬೇಕು. ಅವತ್ತು ಆ ಕೋಣೆಯಾಗೆ ಒದರಿದೋಳು ನಾನೇ. ನನ್ನಿಂದ್ಲೇ ನೀನು ಸಾಯಾಂಗಾಗಿತ್ತು."

ಆಕೆ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ಗೊತ್ತೈತೆ ಬಿಡ್ರಿ ಅಕ್ಕಾರೆ. ಕೈಕಾಲು ಬಿಗಿದಿತ್ತು, ಕಿವಿಯೇನು ಬಿಗಿದಿರ್ಲಿಲ್ಲ."

"ಮತ್ತೆ ಯಾಕ ಯಾರಿಗೂ ಹೇಳ್ಲಿಲ್ಲ?"

"ಏನಂತ ಹೇಳ್ಲಿ?" ಆಕೆ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿದ್ದ ಮಗಳ ಕಡೆ ನೋಡಿದಳು. "ಮೂರು ದಿನ ಆಗಿತ್ತು ಅಕ್ಕಾರೆ. ಒಬ್ರೂ ಇವಳ ಸುದ್ದಿ ಎತ್ತಲಿಲ್ಲ. ಕೇಳಾಕೆ ನನಗೆ ಬಾಯಿಲ್ಲ. ಬಂದೋರೆಲ್ಲ ಮಖ ಸಣ್ಣದು ಮಾಡ್ಕೊಂಡು, ಒಂದು ಮಾತಿಲ್ದೆ ಬರೋರು, ಹೋಗೋರು. ನಾನೇನು ತಿಳ್ಕೊಂಡೆ ಗೊತ್ತೇನ್ರಿ? ಶಮೀಮ್ ಹೋಗ್ಯಾಳೆ, ನನ್ನ ಮುಂದೆ ಮುಚ್ಚಿಡ್ತಾ ಅದಾರೆ ಅಂತ. ಹಂಗಾದ್ರೆ ನಂದೂ ಬೇಗ ಮುಗೀಲಪ್ಪಾ ಅನ್ಕೊಂಡು ಮಲಗಿದ್ದೆ. ಅವತ್ತು ನೀವು ಒದರಿದ್ರಿ. ಮೈ ಹರ್ದುಹೋದಂಗಾತು. ಆದ್ರೆ ಮಾತು ಕೇಳ್ತು. ಕೇಳಿದ ಮ್ಯಾಲೆ ಸಾಯಾಕೆ ಮನಸಾಗ್ಲಿಲ್ಲ."

ನನಗೆ ಅಳು ಬಂತು. ಆಕೆಯೇ ನನಗೆ ನೀರು ಕೊಟ್ಟಳು.

ಇದರಿಂದ ನನ್ನ ತಪ್ಪು ಒಪ್ಪಾಗುವುದಿಲ್ಲ. ಇನ್ನೊಂದು ನಿಮಿಷ ಉಸಿರು ನಿಂತಿದ್ದರೆ ಆಕೆಯೂ ಇರುತ್ತಿರಲಿಲ್ಲ, ಈ ಮಾತೂ ಇರುತ್ತಿರಲಿಲ್ಲ. ಸಿಸ್ಟರ್ ಗ್ರೇಸಮ್ಮ ಆಗ ನಿವೃತ್ತರಾಗಿ ಗದಗಿನಲ್ಲಿ ತಂಗಿಯ ಮನೆಯಲ್ಲಿದ್ದರು. ಅಂದೇ ಅವರಿಗೆ ಎಲ್ಲವನ್ನೂ ಬರೆದು ಹಾಕಿದೆ. ಹತ್ತು ದಿನಕ್ಕೆ ಒಂದು ಕಾರ್ಡು ಬಂತು. ಮುಪ್ಪಿನ ಕೈ, ಅಕ್ಷರ ನಡುಗಿತ್ತು. ಆ ಕಾರ್ಡು ಈಗಲೂ ನನ್ನ ಹತ್ತಿರ ಇದೆ. ನರ್ಸಿಂಗ್ ಹುಡುಗಿಯರು ಬಂದಾಗ ಮೊದಲು ಅದನ್ನೇ ಓದಿಸುತ್ತೇನೆ.

"ಕೊಟ್ರಮ್ಮ, ಹಂಗಂತ ಮತ್ತ ಒದರಬ್ಯಾಡ. ನೀ ಒದರಿದ್ದು ನಿನ್ನ ತಪ್ಪು. ಆದರ ಕೋಣಿ ಕತ್ತಲ ಮಾಡಿ, ಎಲ್ಲಾರ ಬಾಯಿ ಮುಚ್ಚಿಸಿ, ಮೂರು ದಿನ ಆ ತಾಯಿಗೆ ಕೂಸಿನ ಸುದ್ದಿ ಮುಟ್ಟಿಸದ ಬಿಟ್ಟಾಕಿ ನಾನು. ಇದನ್ನ ನಿನ್ನ ಹುಡುಗೇರಿಗೆ ಹೇಳು."